ಗೋರ್ನ್‌ನನ್ನು ಮತ್ತೆ ರಾಕ್ಷಸ ಮಾಡಿದಿರಲ್ಲ: ಸ್ಟಾರ್ ಟ್ರೆಕ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಸ್ಟಾರ್ ಟ್ರೆಕ್‌ನ ಮಾಲೀಕರಿಗೆ, ನಿರ್ಮಾಪಕರಿಗೆ, ಅದನ್ನು ಬರೆಯುವವರಿಗೆ,

ನಮಸ್ಕಾರ.

2025ರ ಆಗಸ್ಟ್‌ನಲ್ಲಿ ಸ್ಟಾರ್ ಟ್ರೆಕ್ ಹಕ್ಕು ಇರುವ ಪ್ಯಾರಾಮೌಂಟ್ ಕಂಪನಿ ಮತ್ತು ಸ್ಕೈಡ್ಯಾನ್ಸ್ ಒಂದಾದವು. ಯಜಮಾನರು ಬದಲಾದರು. ಹೊಸಬರು ಬಂದಾಗ ಏನೇನು ಕೈಗೆ ಬಂದಿದೆ ಅಂತ ಪಟ್ಟಿ ಮಾಡುವುದು ಸಹಜ. ಆ ಪಟ್ಟಿಯಲ್ಲಿ ಸ್ಟಾರ್ ಟ್ರೆಕ್ ಮೇಲಿನ ಸಾಲಿನಲ್ಲೇ ಇರುತ್ತದೆ. 1966ರ ಸೆಪ್ಟೆಂಬರ್ 8ರಂದು ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾದ ಈ ಬಾಹ್ಯಾಕಾಶ ಧಾರಾವಾಹಿ ಇನ್ನೂ ಓಡುತ್ತಿದೆ ಎಂದರೆ ಸುಮ್ನೆ ಮಾತಲ್ಲ. ಹಡಗು, ಸಮವಸ್ತ್ರ, ಚೂಪು ಕಿವಿ, ಟೆಲಿಪೋರ್ಟ್ ಆಗುವ ಸದ್ದು, ಇವೆಲ್ಲ ನಿಮ್ಮ ಹತ್ತಿರ ಭದ್ರವಾಗಿವೆ. ಅವು ಚೆನ್ನಾಗಿಯೂ ಇವೆ. ಈಗಿನ ಹಡಗುಗಳಷ್ಟು ಚಂದದ ಹಡಗುಗಳನ್ನು ಹಳೆಯವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ.

ನನ್ನ ದೂರು ಬೇರೆ. ಹೊಸ ಜೀವಿಯೊಂದು ಎದುರಾದಾಗ ಈ ಧಾರಾವಾಹಿ ಒಂದು ಪ್ರಶ್ನೆ ಕೇಳುತ್ತಿತ್ತು: ಇದು ಯಾಕೆ ಹೀಗೆ ಮಾಡುತ್ತಿದೆ? ಈಗ ಹೆಚ್ಚಿನ ಸಲ ಕೇಳುವುದು ಇನ್ನೊಂದು ಪ್ರಶ್ನೆ: ಇದನ್ನು ತಡೆಯುವುದು ಹೇಗೆ? ಎರಡಕ್ಕೂ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ಒಂದು ಹಳೆಯ ಎಪಿಸೋಡ್ ಸಾಕು.

1967ರ ಮಾರ್ಚ್‌ನಲ್ಲಿ ಬಂದದ್ದು. ಹೆಸರು 'ದಿ ಡೆವಿಲ್ ಇನ್ ದಿ ಡಾರ್ಕ್'. ಬರೆದವರು ಜೀನ್ ಎಲ್. ಕೂನ್. ಜಾನಸ್ ಆರು ಎಂಬ ಗ್ರಹದಲ್ಲಿ ಗಣಿಗಾರಿಕೆ ನಡೆಯುತ್ತಿದೆ. ಸುರಂಗದ ಕತ್ತಲಲ್ಲಿ ಏನೋ ಒಂದು ಕೆಲಸಗಾರರನ್ನು ಕೊಲ್ಲುತ್ತಿದೆ. ಸತ್ತವರು ಸುಮಾರು ಐವತ್ತು. ಕಥೆಯ ನಾಯಕರ ಹಡಗು ಎಂಟರ್‌ಪ್ರೈಸ್ ಬರುತ್ತದೆ. ಮೊದಲ ಅರ್ಧ ಪಕ್ಕಾ ದೆವ್ವದ ಕಥೆಯ ಹಾಗೆಯೇ ಇದೆ. ಕಾವಲುಗಾರ ಒಬ್ಬನೇ ನಿಂತಿದ್ದಾನೆ, ಸದ್ದಾಗುತ್ತದೆ, ಕಿರುಚಾಟ. ಕ್ಯಾಪ್ಟನ್ ಕರ್ಕ್ ಆ ಜೀವಿಯನ್ನು ಕೊಲ್ಲಿ ಎಂದೇ ಆದೇಶ ಕೊಡುತ್ತಾನೆ. ಕೊಲ್ಲುವುದು ಬೇಡ ಅನ್ನುವವನು ವಿಜ್ಞಾನಿ ಸ್ಪಾಕ್.

ಆಮೇಲೆ ಕೂನ್ ಒಂದು ಚಂದದ ತಿರುವು ಕೊಡುತ್ತಾರೆ. ಕರ್ಕ್ ಒಬ್ಬನೇ ಆ ಜೀವಿಯ ಎದುರು ಸಿಕ್ಕಿಕೊಳ್ಳುತ್ತಾನೆ. ಈಗ ಗೆಳೆಯನ ಜೀವಕ್ಕೆ ಹೆದರಿ ಸ್ಪಾಕ್ ಕೊಲ್ಲು ಎನ್ನುತ್ತಾನೆ. ಕರ್ಕ್ ಕೊಲ್ಲುವುದಿಲ್ಲ. ಅದು ಎದುರಿಗಿದೆ, ಗಾಯಗೊಂಡಿದೆ, ಮೇಲೆ ಬೀಳುತ್ತಿಲ್ಲ. ಅವನು ಅದನ್ನು ನೋಡುತ್ತಾ ನಿಲ್ಲುತ್ತಾನೆ. ಕೊನೆಗೆ ತಿಳಿಯುವುದು ಏನು? ಗಣಿಯವರು ಕಸದ ಹಾಗೆ ಒಡೆದು ಹಾಕಿದ ಸಾವಿರಾರು ಗುಂಡುಕಲ್ಲುಗಳೇ ಅದರ ಮೊಟ್ಟೆಗಳು. ಅದು ಮಕ್ಕಳನ್ನು ಕಾಯುತ್ತಿದ್ದ ತಾಯಿ. ಕಲ್ಲಿನ ಮೈಯ ಆ ಜೀವಿಗೆ ಡಾಕ್ಟರ್ ಮೆಕಾಯ್ ಗೊಣಗುತ್ತಲೇ ಕಾಂಕ್ರೀಟ್ ಮೆತ್ತಿ ಗಾಯ ವಾಸಿ ಮಾಡುತ್ತಾನೆ. ಗಣಿಯವರೂ ಆ ಜೀವಿಯೂ ರಾಜಿ ಆಗುತ್ತಾರೆ. ಅವು ಸುರಂಗ ಕೊರೆಯಲಿ, ಇವರು ಅದಿರು ತೆಗೆದುಕೊಳ್ಳಲಿ. ಎಲ್ಲ ಸೇರಿ ಐವತ್ತು ನಿಮಿಷ. ಆ ಜೀವಿಯ ವೇಷ ನೋಡಿದರೆ ನಗು ಬರುತ್ತದೆ, ನೆಲದ ಮೇಲೆ ತೆವಳುವ ಕರಗಿದ ಬಂಡೆಯ ಮುದ್ದೆ ಅದು. ಆದರೂ ಕೊನೆಯ ಹೊತ್ತಿಗೆ ನಮಗೆ ಅದರ ಮೇಲೆಯೇ ಮರುಕ.

ಇದೇ ಕೂನ್ ಅದೇ ವರ್ಷ ಜನವರಿಯಲ್ಲಿ 'ಅರೀನಾ' ಬರೆದಿದ್ದರು. ಹಲ್ಲಿಯಂಥ ಗೋರ್ನ್ ಜನ ಸೆಸ್ಟಸ್ ಮೂರು ಎಂಬಲ್ಲಿದ್ದ ಮನುಷ್ಯರ ನೆಲೆಯನ್ನು ನಾಶ ಮಾಡುತ್ತಾರೆ. ಕರ್ಕ್ ಸೇಡಿಗಾಗಿ ಅವರ ಹಡಗನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಮೆಟ್ರಾನ್ ಎಂಬ ಬಲಾಢ್ಯ ಜೀವಿಗಳು ಇಬ್ಬರು ಕ್ಯಾಪ್ಟನ್‌ಗಳನ್ನೂ ಒಂದು ಬರಡು ಗ್ರಹದಲ್ಲಿ ಹೊಡೆದಾಡಲು ಬಿಡುತ್ತವೆ. ಗೆದ್ದ ಕರ್ಕ್ ಕೊನೆಯ ಏಟು ಹಾಕುವುದಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವನಿಗೊಂದು ಅನುಮಾನ ಬಂದಿರುತ್ತದೆ. ಆ ನೆಲೆ ಗೋರ್ನ್‌ಗಳ ಜಾಗದಲ್ಲಿ ಇದ್ದಿರಬಹುದಲ್ವಾ? ಅವರ ಕಣ್ಣಿಗೆ ನಾವೇ ದಾಳಿಕೋರರಾಗಿ ಕಂಡಿರಬಹುದಲ್ವಾ?

ಈಗ 2022ಕ್ಕೆ ಬನ್ನಿ. ನಿಮ್ಮ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್'. ಇತ್ತೀಚಿನ ಸರಣಿಗಳಲ್ಲಿ ನನಗೆ ಜಾಸ್ತಿ ಇಷ್ಟವಾದವುಗಳಲ್ಲಿ ಒಂದು. ಹಾಗಾಗಿಯೇ ಇದನ್ನು ಹೇಳುವಾಗ ಬೇಜಾರು. ಅದರಲ್ಲಿ ಗೋರ್ನ್‌ಗಳು ಮನುಷ್ಯರ ಮೈಯೊಳಗೆ ಮೊಟ್ಟೆ ಇಡುತ್ತವೆ. ಮರಿಗಳು ಮೈ ಸೀಳಿಕೊಂಡು ಹೊರಬರುತ್ತವೆ. ಕತ್ತಲ ಹಡಗಿನಲ್ಲಿ ಓಡಾಡಿ ಬೇಟೆಯಾಡುತ್ತವೆ. ಎಂಜಿನಿಯರ್ ಹೆಮ್ಮರ್‌ನಂಥ ಒಳ್ಳೆಯ ಪಾತ್ರ ಅದಕ್ಕೆ ಬಲಿಯಾಗುತ್ತದೆ. ನೋಡಲು ಭಯವಾಗುತ್ತದೆ, ಒಪ್ಪುತ್ತೇನೆ. ಆದರೆ ಯಾವ ಜೀವಿಯನ್ನು ರಾಕ್ಷಸ ಅಂದುಕೊಂಡಿದ್ದೇ ತಪ್ಪು ಎಂದು ಹಳೆಯ ಕಥೆ ಹೇಳಿತ್ತೋ, ಅದೇ ಜೀವಿಯನ್ನು ಹುಡುಕಿ ತೆಗೆದು ರಾಕ್ಷಸ ಮಾಡಿದಿರಿ. ರಾಕ್ಷಸರೇ ಬೇಕಿದ್ದರೆ ಹೊಸ ಹೆಸರೊಂದನ್ನು ಇಟ್ಟುಕೊಳ್ಳಬಹುದಿತ್ತು. ಈಗ 'ಅರೀನಾ' ನೋಡುವ ಹೊಸಬರಿಗೆ ಕರ್ಕ್‌ನ ದಯೆ ಪೆದ್ದುತನದ ಹಾಗೆ ಕಾಣುತ್ತದೆ.

ಇಲ್ಲಿ ನಾನು ಕ್ಯಾನನ್ ಬಗ್ಗೆ, ಅಂದರೆ ಕಥಾಲೋಕದ ಅಧಿಕೃತ ಇತಿಹಾಸದ ಬಗ್ಗೆ, ಜಗಳ ತೆಗೆಯುತ್ತಿಲ್ಲ. ಯಾರು ಯಾರನ್ನು ಯಾವ ವರ್ಷ ಮೊದಲು ನೋಡಿದರು ಅಂತ ಲೆಕ್ಕ ಇಡುವವರು ಬೇರೆ ಇದ್ದಾರೆ, ಅವರಿಗೆ ಶುಭವಾಗಲಿ. ಕ್ಲಿಂಗಾನ್ ಎಂಬ ಯೋಧ ಜನಾಂಗದ ಹಣೆಯನ್ನು ಹಿಂದಿನವರೂ ಬೇಕಾದ ಹಾಗೆ ಬದಲಾಯಿಸಿದ್ದಾರೆ. ಅದರಿಂದ ಏನೂ ಹಾಳಾಗಿಲ್ಲ.

2025ರ ಸೀಸನ್‌ನಲ್ಲಿ 'ಟೆರೇರಿಯಂ' ಅಂತ ಒಂದು ಎಪಿಸೋಡ್ ಬಂತು. ಪೈಲಟ್ ಒರ್ಟೆಗಾಸ್ ಒಂದು ಗೋರ್ನ್ ಜೊತೆ ದೂರದ ಒಂದು ಚಂದ್ರನ ಮೇಲೆ ಸಿಕ್ಕಿಕೊಳ್ಳುತ್ತಾಳೆ. ಭಾಷೆ ಬಾರದ ಇಬ್ಬರೂ ಹೇಗೋ ಹೊಂದಿಕೊಂಡು ಬದುಕುವ ದಾರಿ ಹುಡುಕುತ್ತಾರೆ. ನೋಡಿ, ಬರೆಯುವುದು ನಿಮಗೆ ಗೊತ್ತಿದೆ! ಆದರೆ ಅಷ್ಟು ಹೊತ್ತಿಗೆ ಎರಡು ಸೀಸನ್‌ಗೂ ಹೆಚ್ಚು ಕಾಲ ಗೋರ್ನ್ ಎಂದರೆ ಹಲ್ಲು ಮತ್ತು ಉಗುರು ಎಂದಷ್ಟೇ ಆಗಿತ್ತು.

ಇನ್ನೊಂದು ಉದಾಹರಣೆ ಸೆಕ್ಷನ್ 31. ಇದು ನನಗೆ ಗೋರ್ನ್‌ಗಿಂತಲೂ ಹೆಚ್ಚು ಚುಚ್ಚುತ್ತದೆ.

1998ರಲ್ಲಿ 'ಡೀಪ್ ಸ್ಪೇಸ್ ನೈನ್' ಈ ಗುಪ್ತ ಸಂಘಟನೆಯನ್ನು ತಂದಿತು. ಮನುಷ್ಯರೂ ಸೇರಿದ ಗ್ರಹಗಳ ಒಕ್ಕೂಟ ಫೆಡರೇಷನ್ ಉಳಿಯಬೇಕಾದರೆ ಯಾರಾದರೂ ಕೊಳಕು ಕೆಲಸ ಮಾಡಲೇಬೇಕು ಅನ್ನುವವರು ಇವರು. ಡಾಕ್ಟರ್ ಬಶೀರ್ ಇವರನ್ನು ಒಪ್ಪುವುದಿಲ್ಲ. ಯುದ್ಧ ಸೋಲುವ ಹಂತಕ್ಕೆ ಹೋದಾಗಲೂ ಒಪ್ಪುವುದಿಲ್ಲ. ಶತ್ರುಗಳಾದ ಚೇಂಜ್‌ಲಿಂಗ್‌ಗಳ ಇಡೀ ಕುಲಕ್ಕೆ ಇವರು ಗುಟ್ಟಾಗಿ ರೋಗ ಅಂಟಿಸಿದ್ದಾರೆ ಎಂದು ಗೊತ್ತಾಗುತ್ತದೆ. ಬಶೀರ್ ಮದ್ದು ಹುಡುಕುತ್ತಾನೆ. 1999ರ ಕೊನೆಯ ಎಪಿಸೋಡ್‌ನಲ್ಲಿ ಆ ಮಹಾಯುದ್ಧ ಮುಗಿಯುವುದು ಹೇಗೆ, ನೆನಪಿದೆಯೇ? ಚೇಂಜ್‌ಲಿಂಗ್ ಆಗಿದ್ದೂ ಫೆಡರೇಷನ್ ಕಡೆ ನಿಂತ ಒಡೋ ಹೋಗಿ ಶತ್ರುಗಳ ನಾಯಕಿಯ ರೋಗ ವಾಸಿ ಮಾಡುತ್ತಾನೆ. ಅವಳು ತನ್ನ ಸೈನ್ಯಕ್ಕೆ ಶರಣಾಗಲು ಹೇಳುತ್ತಾಳೆ. ಫೈಟಿಂಗ್ ಎಷ್ಟು ಬೇಕೋ ಅಷ್ಟು ಇತ್ತು, ಹಡಗುಗಳು ಸಿಡಿದವು, ನಗರಗಳು ಉರಿದವು. ಆದರೂ ಯುದ್ಧ ನಿಂತದ್ದು ಶತ್ರುವಿಗೆ ಔಷಧಿ ಕೊಟ್ಟಿದ್ದರಿಂದ.

ಆಮೇಲೆ 'ಡಿಸ್ಕವರಿ' ಬಂತು. ಅದರಲ್ಲಿ ಇದೇ ಸೆಕ್ಷನ್ 31ಕ್ಕೆ ಕಪ್ಪು ಬ್ಯಾಡ್ಜ್, ಸ್ವಂತ ಹಡಗು. ಗುಟ್ಟಿನ ಸಂಘಟನೆ ಎಂದರೆ ಎಲ್ಲರಿಗೂ ಗೊತ್ತಿರುವ ಸಂಘಟನೆ ಎಂಬಂತಾಯಿತು. 2025ರ ಜನವರಿಯಲ್ಲಿ ಅದರ ಹೆಸರಿನಲ್ಲೇ ಒಂದು ಸಿನಿಮಾ ಬಂತು. ನಾಯಕಿ ಬೇರೊಂದು ವಿಶ್ವದಿಂದ ಬಂದ ಮಾಜಿ ಚಕ್ರವರ್ತಿನಿ, ಲೆಕ್ಕವಿಲ್ಲದಷ್ಟು ಜನರನ್ನು ಕೊಂದವಳು. ಮಿಶೆಲ್ ಯೋ ಒಳ್ಳೆಯ ನಟಿ, ಅವರನ್ನು ದೂರುವುದಿಲ್ಲ. ಆದರೆ ಫೆಡರೇಷನ್‌ಗೆ ಅಂಟಿದ ರೋಗ ಎಂದು ಯಾವುದನ್ನು ತೋರಿಸಿದ್ದರೋ ಅದು ಈಗ ಸ್ಟೈಲಿಶ್ ಸಾಹಸ ತಂಡ. ಆ ಸಿನಿಮಾವನ್ನು ಟ್ರೆಕ್ ಅಭಿಮಾನಿಗಳೂ ಮೆಚ್ಚಲಿಲ್ಲ, ಟ್ರೆಕ್ ಗೊತ್ತಿಲ್ಲದವರೂ ಮೆಚ್ಚಲಿಲ್ಲ. ಯಾಕೆ ಅಂತ ಯೋಚಿಸಿದಿರಾ? ಅಂಥ ತಂಡಗಳ ಕಥೆ ಎಲ್ಲ ಕಡೆ ಸಿಗುತ್ತದೆ. ಅದಕ್ಕಾಗಿ ಯಾರೂ ಸ್ಟಾರ್ ಟ್ರೆಕ್ ಹತ್ತಿರ ಬರಬೇಕಿಲ್ಲ.

ಹಾಗಾದರೆ ಕತ್ತಲು ಬೇಡವೇ, ಎಲ್ಲ ನಗುನಗುತ್ತಾ ಇರಬೇಕೇ ಎಂದು ನೀವು ಕೇಳಬಹುದು. ಬೇಡ ಅನ್ನುತ್ತಿಲ್ಲ. 'ಇನ್ ದಿ ಪೇಲ್ ಮೂನ್‌ಲೈಟ್'ಗಿಂತ ಕತ್ತಲೆಯ ಕಥೆ ನಿಮ್ಮ ಹೊಸ ಸರಣಿಗಳಲ್ಲಿ ಒಂದೂ ಇಲ್ಲ. ಅದೂ 1998ರದ್ದೇ. ಕ್ಯಾಪ್ಟನ್ ಸಿಸ್ಕೋ ರೊಮುಲನ್ ಎಂಬ ಇನ್ನೊಂದು ಜನಾಂಗವನ್ನು ಯುದ್ಧಕ್ಕೆ ಎಳೆಯಲು ಸುಳ್ಳು ಸಾಕ್ಷಿ ಹುಟ್ಟಿಸುತ್ತಾನೆ, ಅದು ಕೊಲೆಯಲ್ಲಿ ಮುಗಿಯುತ್ತದೆ. ಎಪಿಸೋಡ್ ಉದ್ದಕ್ಕೂ ಅವನು ಕ್ಯಾಮೆರಾದ ಕಡೆ ತಿರುಗಿ ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತಾ ಒದ್ದಾಡುತ್ತಾನೆ, ಕೊನೆಗೆ ಆ ದಾಖಲೆಯನ್ನೇ ಅಳಿಸಿ ಹಾಕುತ್ತಾನೆ. ತಾನು ಏನನ್ನು ಮಾರಿಕೊಂಡೆ ಎಂದು ಅವನಿಗೆ ಗೊತ್ತಿದೆ. ಬರೆದವರಿಗೂ ಗೊತ್ತಿದೆ. ಅದಕ್ಕೇ ನಮಗೆ ಹೊಟ್ಟೆ ಕಲಸುತ್ತದೆ.

'ಪಿಕಾರ್ಡ್' ಮೊದಲ ಸೀಸನ್‌ನಲ್ಲಿ ಈ ಅರಿವು ಕಾಣುವುದಿಲ್ಲ. 2020ರದ್ದು. ಅದರ ಮೂಲ ಕಲ್ಪನೆ ಚೆನ್ನಾಗಿತ್ತು: ಫೆಡರೇಷನ್ ಭಯಬಿದ್ದು ನಿರಾಶ್ರಿತರ ಕೈ ಬಿಟ್ಟಿದೆ, 'ನೆಕ್ಸ್ಟ್ ಜನರೇಷನ್' ಸರಣಿಯ ಕ್ಯಾಪ್ಟನ್, ಈಗ ಮುದುಕನಾದ ಪಿಕಾರ್ಡ್ ಅದನ್ನು ಪ್ರತಿಭಟಿಸಿ ಹುದ್ದೆ ಬಿಟ್ಟಿದ್ದಾನೆ. ಆದರೆ ಒಂದೇ ಸೀಸನ್‌ನಲ್ಲಿ ನೀವು ಯಾರನ್ನೆಲ್ಲ ಮುಗಿಸಿದಿರಿ ನೋಡಿ. ಹಳೆಯ ಸರಣಿಯ ಪಾತ್ರ ಐಚೆಬ್‌ನ ಕಣ್ಣನ್ನು ನಮ್ಮೆದುರೇ ಕಿತ್ತು ತೆಗೆದರು. ಬ್ರೂಸ್ ಮ್ಯಾಡಾಕ್ಸ್‌ನನ್ನು ಹಾಸಿಗೆಯಲ್ಲೇ ಕೊಂದರು. ಹ್ಯೂ ಸತ್ತ.

ಈ ಮ್ಯಾಡಾಕ್ಸ್ ಯಾರು ಅಂತ ಗೊತ್ತಿಲ್ಲದವರಿಗೆ ಹೇಳಬೇಕು. 1989ರ 'ದಿ ಮೆಷರ್ ಆಫ್ ಎ ಮ್ಯಾನ್' ಎಪಿಸೋಡ್‌ನಲ್ಲಿ ಅವನು ಯಂತ್ರಮಾನವ ಡೇಟಾನನ್ನು ಬಿಚ್ಚಿ ನೋಡಲು ಬಂದವನು. ಡೇಟಾ ಫೆಡರೇಷನ್‌ನ ಹಡಗು ಪಡೆ ಸ್ಟಾರ್‌ಫ್ಲೀಟ್‌ನ ಆಸ್ತಿಯೋ, ಹಕ್ಕುಗಳಿರುವ ಜೀವವೋ ಎಂದು ವಿಚಾರಣೆ ನಡೆಯುತ್ತದೆ. ಬಂದೂಕಿಲ್ಲ, ಸ್ಫೋಟವಿಲ್ಲ. ಒಂದು ಕೋಣೆ, ಕೆಲವು ಕುರ್ಚಿ. ಗೆಳೆಯನ ವಿರುದ್ಧವೇ ವಾದ ಮಾಡಬೇಕಾದ ರೈಕರ್, ಬೇರೆ ದಾರಿಯಿಲ್ಲದೆ, ಡೇಟಾನ ಬೆನ್ನಿನ ಸ್ವಿಚ್ ಆಫ್ ಮಾಡುತ್ತಾನೆ. ಆ ಕ್ಷಣಕ್ಕಿಂತ ಹೆಚ್ಚು ಎದೆ ಹಿಂಡುವ ಸಾಹಸ ದೃಶ್ಯ ನನಗೆ ಇನ್ನೂ ಸಿಕ್ಕಿಲ್ಲ. ಗೆದ್ದ ಮೇಲೆ ಡೇಟಾ ಮ್ಯಾಡಾಕ್ಸ್‌ಗೆ ಹೇಳುವುದು, ನಿಮ್ಮ ಸಂಶೋಧನೆ ಮುಂದುವರಿಸಿ, ನನಗೆ ಅದರಲ್ಲಿ ಆಸಕ್ತಿ ಇದೆ ಎಂದು. ಅಂದರೆ ಎದುರಾಳಿಯೂ ಉಳಿದ. ಅವನ ಮನಸ್ಸೂ ಬದಲಾಯಿತು. ಹ್ಯೂ ಕಥೆಯೂ ಇದೇ ಜಾತಿಯದು. 1992ರ 'ಐ, ಬೋರ್ಗ್'ನಲ್ಲಿ ಪಿಕಾರ್ಡ್ ಅವನ ಮೂಲಕ, ಎಲ್ಲರೂ ಒಂದೇ ಮನಸ್ಸಾಗಿ ಯೋಚಿಸುವ ಅರೆಯಂತ್ರ ಜೀವಿಗಳಾದ ಇಡೀ ಬೋರ್ಗ್ ಕುಲವನ್ನು ನಾಶ ಮಾಡಬಹುದಿತ್ತು. ಬೋರ್ಗ್‌ಗಳಿಂದ ಅವನಷ್ಟು ನೋವು ತಿಂದವರು ಇಲ್ಲ. ಆದರೂ ಎದುರಿಗೆ ಕೂತ ಆ ಹುಡುಗ ನಾನು ಎಂದು ಮಾತಾಡಿದ ಮೇಲೆ ಪಿಕಾರ್ಡ್‌ಗೆ ಆಗಲಿಲ್ಲ.

ಅಂಥ ಪಾತ್ರಗಳನ್ನು ಮತ್ತೆ ಕರೆತಂದಿದ್ದು ಕೊಲ್ಲುವುದಕ್ಕೆ ಮಾತ್ರವೇ? ಅಭಿಮಾನಿಗಳು ತುಂಬ ಹೊಗಳಿದ ಮೂರನೇ ಸೀಸನ್ ಬಗ್ಗೆಯೂ ಒಂದು ಮಾತು. ಹಳೆಯ ತಂಡವೆಲ್ಲ ಸೇರಿತು, ಹಳೆಯ ಎಂಟರ್‌ಪ್ರೈಸ್‌ನ ಬ್ರಿಡ್ಜ್, ಅಂದರೆ ಹಡಗು ನಡೆಸುವ ಕೋಣೆ, ಮತ್ತೆ ಕಂಡಿತು, ನನಗೂ ಕಣ್ಣು ಒದ್ದೆಯಾಯಿತು. ಕಣ್ಣು ಒರೆಸಿಕೊಂಡ ಮೇಲೆ ನೋಡಿದರೆ ಅಲ್ಲಿ ಹೊಸ ಗ್ರಹ ಇಲ್ಲ, ಹೊಸ ಜನ ಇಲ್ಲ, ಹೊಸ ಯೋಚನೆಯೂ ಇಲ್ಲ. ಬೋರ್ಗ್ ರಾಣಿ ಮತ್ತೆ ಬಂದಳು, ಮತ್ತೆ ಸಿಡಿದಳು.

ಈಗ ಅಭಿಮಾನಿಗಳ ಕಡೆ ತಿರುಗುತ್ತೇನೆ. ಏಕೆಂದರೆ ನಿಮಗೆ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ನನಗೆ ಒಪ್ಪಿಗೆಯಿಲ್ಲ. ಸ್ಟಾರ್ ಟ್ರೆಕ್‌ನಲ್ಲಿ ಈಗ ರಾಜಕೀಯ ಜಾಸ್ತಿ ಆಗಿದೆ, ಹೆಂಗಸರು, ಕಪ್ಪು ಜನ, ಸಲಿಂಗಿಗಳು ಜಾಸ್ತಿ ಆಗಿದ್ದಾರೆ, ಅದಕ್ಕೇ ಕೆಟ್ಟಿತು ಎಂದು ಒಂದು ಗುಂಪು ಕೂಗುತ್ತದೆ. ಅವರು ಯಾವ ಸ್ಟಾರ್ ಟ್ರೆಕ್ ನೋಡಿದರೋ ಗೊತ್ತಿಲ್ಲ. ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಹೋರಾಟ ನಡೆಯುತ್ತಿದ್ದಾಗ ಕಪ್ಪು ನಟಿ ನಿಶೆಲ್ ನಿಕೋಲ್ಸ್ ಬ್ರಿಡ್ಜ್ ಮೇಲೆ ಅಧಿಕಾರಿಯಾಗಿ ಕೂತಿದ್ದರು. ಅವರು ಬಿಟ್ಟು ಹೋಗಲು ಹೊರಟಾಗ ಬೇಡ ಎಂದು ತಡೆದವರು ಸ್ವತಃ ಮಾರ್ಟಿನ್ ಲೂಥರ್ ಕಿಂಗ್. ಸುಲು ಪಾತ್ರದ ಜಾರ್ಜ್ ಟಕೈ ಮಗುವಾಗಿದ್ದಾಗ ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಕುಟುಂಬದ ಜೊತೆ ಅಮೆರಿಕದ ಬಂಧನ ಶಿಬಿರದಲ್ಲಿ ಬೆಳೆದವರು. ಶೀತಲ ಸಮರದ ನಡುವೆ, 1967ರಲ್ಲಿ, ರಷ್ಯನ್ ಹುಡುಗ ಚೆಕೋವ್ ಹಡಗು ಹತ್ತಿದ. ಇದೆಲ್ಲ ರಾಜಕೀಯ ಅಲ್ಲದೆ ಇನ್ನೇನು? 'ಡಿಸ್ಕವರಿ' ಒಬ್ಬ ಕಪ್ಪು ಮಹಿಳೆಯನ್ನು ನಾಯಕಿ ಮಾಡಿದ್ದು ಈ ಪರಂಪರೆಯ ಒಳಗೇ ಬರುತ್ತದೆ.

ಹಳೆಯದೆಲ್ಲ ಚಿನ್ನ ಅಂತಲೂ ಅಲ್ಲ. 1969ರ ಕೊನೆಯ ಎಪಿಸೋಡ್‌ನಲ್ಲಿ ಹೆಂಗಸರು ಕ್ಯಾಪ್ಟನ್ ಆಗಲಾರರು ಎಂಬಂಥ ಮಾತಿದೆ. 1987ರ 'ಕೋಡ್ ಆಫ್ ಆನರ್' ಎಷ್ಟು ಜನಾಂಗೀಯವಾಗಿತ್ತು ಎಂದರೆ ಅದರಲ್ಲಿ ನಟಿಸಿದವರೇ ಆಮೇಲೆ ಅದನ್ನು ಬೈದರು. ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಸಂತರೇನಲ್ಲ. ಅಲೆಕ್ಸಾಂಡರ್ ಕರೇಜ್ ಮಾಡಿದ ಶೀರ್ಷಿಕೆ ಸಂಗೀತಕ್ಕೆ ಯಾರೂ ಎಂದೂ ಹಾಡದ ಸಾಲುಗಳನ್ನು ಬರೆದು ಅರ್ಧ ರಾಯಲ್ಟಿ ತೆಗೆದುಕೊಂಡ ಆಸಾಮಿ ಅವರು. ದುಡ್ಡು ಎಲ್ಲ ಕಾಲದಲ್ಲೂ ಇತ್ತು. ದುಡ್ಡಿನ ಆಸೆಯಿಂದಲೇ ಎಲ್ಲ ಕೆಟ್ಟಿತು ಅನ್ನುವುದು ಸುಲಭದ ಉತ್ತರ.

ನನ್ನ ಪ್ರಕಾರ ಕೆಟ್ಟದ್ದು ಕೆಲಸ ಮಾಡುವ ಕ್ರಮ. ಈ ಧಾರಾವಾಹಿಯ ಜೀವ ಯಾವ ಒಬ್ಬ ಮಹಾನುಭಾವನ ತಲೆಯಲ್ಲೂ ಇರಲಿಲ್ಲ. ಅದನ್ನು ಬರೆಯುವ ಪದ್ಧತಿಯಲ್ಲಿ ಇತ್ತು.

ಮೊದಲ ಸರಣಿಯ ಮೂರು ಸೀಸನ್‌ಗಳಲ್ಲಿ 79 ಎಪಿಸೋಡ್. 'ನೆಕ್ಸ್ಟ್ ಜನರೇಷನ್' ಏಳು ಸೀಸನ್‌ಗಳಲ್ಲಿ 178. ವರ್ಷಕ್ಕೆ ಹೆಚ್ಚುಕಡಿಮೆ 26 ಕಥೆ ಬೇಕಿತ್ತು. ಅಷ್ಟು ಕಥೆಗೆ ಪ್ರತಿ ಸಲ ಬಾಹ್ಯಾಕಾಶ ಯುದ್ಧ ತೋರಿಸಲು ದುಡ್ಡು ಎಲ್ಲಿಂದ ಬರಬೇಕು? ಹಾಗಾಗಿ ಕೋಣೆಯಲ್ಲಿ ಕೂತು ಮಾತಾಡುವ ಕಥೆಗಳು ಬಂದವು. ಕೆಲವು ದಂಡವಾದವು. ಕೆಲವು 'ಡಾರ್ಮಾಕ್' ಆದವು. ಪುರಾಣದ ಉಪಮೆಗಳಲ್ಲಷ್ಟೇ ಮಾತಾಡುವ ಕ್ಯಾಪ್ಟನ್ ಒಬ್ಬನ ಜೊತೆ ಪಿಕಾರ್ಡ್ ಬೆಂಕಿಯ ಪಕ್ಕ ಕೂತು ಅವನ ಭಾಷೆ ಕಲಿಯುವ ಕಥೆ ಅದು. ಸೀಸನ್‌ಗೆ ಹತ್ತೇ ಎಪಿಸೋಡ್ ಎಂದಾಗ ಇಂಥ ಪ್ರಯೋಗಕ್ಕೆ ಧೈರ್ಯ ಬರುವುದು ಕಷ್ಟ. ಪ್ರತಿ ಎಪಿಸೋಡೂ ದೊಡ್ಡದಾಗಿರಬೇಕು ಎನಿಸುತ್ತದೆ. ಹತ್ತನ್ನೂ ಸೇರಿಸಿ ಒಂದೇ ಕಥೆ ಮಾಡುತ್ತೀರಿ. ಒಂದೇ ಕಥೆಯನ್ನು ಹತ್ತು ಗಂಟೆ ಎಳೆಯಬೇಕಾದರೆ ರಹಸ್ಯ ಮುಚ್ಚಿಡಬೇಕು. ಮುಚ್ಚಿಟ್ಟ ರಹಸ್ಯಕ್ಕೆ ತಕ್ಕ ಅಪಾಯ ಬೇಕು. ಹಾಗಾಗಿ ಪ್ರತಿ ಸಲ ಇಡೀ ಗ್ಯಾಲಕ್ಸಿಯೇ ಮುಳುಗುತ್ತದೆ. 'ಡಿಸ್ಕವರಿ' ಎರಡನೇ ಸೀಸನ್‌ನಲ್ಲಿ ಎಲ್ಲ ಜೀವವನ್ನೂ ಅಳಿಸಲು ಹೊರಟ ಕಂಪ್ಯೂಟರ್. 'ಪಿಕಾರ್ಡ್' ಮೊದಲ ಸೀಸನ್‌ನಲ್ಲಿ ಎಲ್ಲ ಜೀವವನ್ನೂ ಅಳಿಸಲು ಕಾದಿರುವ ಯಂತ್ರಗಳು. ನಿಜ ಹೇಳಬೇಕೆಂದರೆ, ಎಲ್ಲರೂ ಸಾಯುತ್ತಾರೆ ಎಂದಾಗ ನನಗೆ ಯಾರ ಬಗ್ಗೆಯೂ ಚಿಂತೆ ಆಗುವುದಿಲ್ಲ. ಡೇಟಾ ಒಬ್ಬನ ಸ್ವಿಚ್ ಆಫ್ ಆದಾಗ ಆಯಿತು.

ಇದೇ ಚೌಕಟ್ಟಿನೊಳಗೂ ಒಳ್ಳೆಯದು ಹುಟ್ಟಬಹುದು, ಅದನ್ನು ನೀವೇ ತೋರಿಸಿದ್ದೀರಿ. 'ಡಿಸ್ಕವರಿ' ನಾಲ್ಕನೇ ಸೀಸನ್. ಗ್ರಹಗಳನ್ನೇ ನುಂಗುವ ಒಂದು ವಿಚಿತ್ರ ಸುಳಿ. ಅದರ ಹಿಂದಿರುವ ಟೆನ್-ಸಿ ಎಂಬ ಜೀವಿಗಳಿಗೆ ಅದು ಗಣಿಗಾರಿಕೆಯ ಸಾಧನ ಅಷ್ಟೇ. ಅದರಿಂದ ಯಾರೋ ಸಾಯುತ್ತಿದ್ದಾರೆ ಎಂದು ಅವಕ್ಕೆ ಗೊತ್ತೇ ಇಲ್ಲ. 1967ರ ಗಣಿ ಕಥೆಯೇ ತಿರುಗಿ ನಿಂತ ಹಾಗಿದೆ ಅಲ್ವಾ? ಅಂದು ತಿಳಿಯದೆ ಕೊಂದವರು ನಾವು, ಇಂದು ಅವರು. ವಾಸನೆ ಮತ್ತು ಬೆಳಕಿನ ಮೂಲಕ ಅವುಗಳ ಜೊತೆ ಮಾತು ಕಟ್ಟುವ ಭಾಗ ನಿಮ್ಮ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಆದರೆ ಅಲ್ಲಿಗೆ ತಲುಪಲು 13 ಎಪಿಸೋಡ್‌ಗಳ ಸೀಸನ್‌ನಲ್ಲಿ ಬಹುಪಾಲು ದಾಟಬೇಕಾಯಿತು. ನಡುವೆ ಎಷ್ಟೊಂದು ಕಣ್ಣೀರು, ಎಷ್ಟೊಂದು ಬೆಂಕಿಯ ಕಿಡಿ! ಅಷ್ಟಾದರೂ ಬ್ರಿಡ್ಜ್ ಮೇಲೆ ಕೂತ ಡೆಟ್ಮರ್, ಒವೊಸೆಕುನ್ ಏನು ಯೋಚಿಸುತ್ತಾರೆ ಎಂದು ಐದು ಸೀಸನ್ ಮುಗಿದರೂ ಸರಿಯಾಗಿ ತಿಳಿಯಲಿಲ್ಲ. ಪಿಕಾರ್ಡ್‌ನ ಹಡಗಿನಲ್ಲಿ ಒಂದು ಉದ್ದ ಮೇಜಿತ್ತು. ಸಮಸ್ಯೆ ಬಂದಾಗ ಎಲ್ಲರೂ ಅದರ ಸುತ್ತ ಕೂತು ಒಬ್ಬೊಬ್ಬರಾಗಿ ಮಾತಾಡುತ್ತಿದ್ದರು. ಕೆಲವೊಮ್ಮೆ ಬೋರ್ ಹೊಡೆಯುತ್ತಿತ್ತು, ಹೌದು. ಆದರೆ ತಿಳಿದವರು ಸೇರಿ ಯೋಚಿಸುವುದನ್ನು ಟಿವಿಯಲ್ಲಿ ಬೇರೆ ಎಲ್ಲಿ ನೋಡುತ್ತೀರಿ?

ಅದರ ಹಿಂದೆ ರಾಡನ್‌ಬೆರಿಯ ಒಂದು ಕಟ್ಟಳೆ ಇತ್ತು. ಹಡಗಿನ ಜನ ತಮ್ಮತಮ್ಮಲ್ಲೇ ಕಿತ್ತಾಡಬಾರದು. ಬರಹಗಾರರು ಅದನ್ನು ದ್ವೇಷಿಸಿದರು. ಜಗಳ ಇಲ್ಲದೆ ನಾಟಕ ಹೇಗೆ? ಅವರ ಸಂಕಟ ನ್ಯಾಯವಾದದ್ದೇ. ಆದರೆ ಆ ಕಟ್ಟಳೆಯಿಂದ ಒಂದು ಲಾಭ ಆಯಿತು. ಒಳಗೆ ಖಳ ಇಲ್ಲದ ಮೇಲೆ ಹೊರಗಿನ ಸಮಸ್ಯೆಯೇ ನಿಜವಾಗಿ ಕಠಿಣವಾಗಿರಬೇಕಾಯಿತು.

ಕೊನೆಯದಾಗಿ ನಾನು ಕೇಳಬೇಕೆಂದಿರುವುದು ಬಾಗಿಲಿನ ವಿಷಯ. 1989ರಲ್ಲಿ 'ನೆಕ್ಸ್ಟ್ ಜನರೇಷನ್' ಮೂರನೇ ಸೀಸನ್‌ಗೆ ಬರಹಗಾರರ ಮುಖ್ಯಸ್ಥರಾಗಿ ಮೈಕಲ್ ಪಿಲ್ಲರ್ ಬಂದರು. ಏಜೆಂಟ್ ಇಲ್ಲದವರೂ ಸ್ಕ್ರಿಪ್ಟ್ ಕಳಿಸಬಹುದು ಎಂದರು. ಹಾಲಿವುಡ್‌ನಲ್ಲಿ ಇದು ಹೆಚ್ಚುಕಡಿಮೆ ಕೇಳಿರದ ಸಂಗತಿ. ರಾಶಿ ರಾಶಿ ಸ್ಕ್ರಿಪ್ಟ್ ಬಂದವು, ಹೆಚ್ಚಿನವು ಕಸ. ಆದರೆ ಬರಹಗಾರ ರೊನಾಲ್ಡ್ ಡಿ. ಮೂರ್ ಬಂದದ್ದು ಹೊರಗಿನಿಂದ ಬಂದ ಸ್ಕ್ರಿಪ್ಟ್‌ನ ಮೂಲಕ. ರೆನೆ ಎಚೆವರಿಯಾ ಬಂದದ್ದೂ ಹಾಗೆಯೇ. ಇಷ್ಟೇಕೆ, 'ಡಿಸ್ಕವರಿ'ಯನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರಾದ ಬ್ರಯನ್ ಫುಲ್ಲರ್ ಕೂಡ ಹೊರಗಿನಿಂದ ಕಥೆ ಕಳಿಸಿ ಒಳಗೆ ಬಂದವರು. ಆ ಬಾಗಿಲು ತೆರೆಯುವ ಮೊದಲೂ ಹೊರಗಿನವರಿಗೆ ಇಲ್ಲಿ ಜಾಗ ಇತ್ತು. ಡೇಟಾನ ವಿಚಾರಣೆ ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ವಕೀಲಿಕೆ ಮಾಡಿದ್ದವರು. ಕೋರ್ಟ್ ಹೇಗೆ ನಡೆಯುತ್ತದೆ ಎಂದು ಅವರಿಗೆ ಸ್ವತಃ ಗೊತ್ತಿತ್ತು. ರಾಡನ್‌ಬೆರಿ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಓಡಿಸಿದ್ದರು, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಪೊಲೀಸ್ ಆಗಿದ್ದರು. ಕೂನ್ ಮರೀನ್ ಸೈನಿಕರಾಗಿದ್ದರು. ಕೊಲ್ಲದೇ ಇರುವ ಕಥೆಗಳನ್ನು ಬರೆದವರು ಯುದ್ಧ ಕಂಡವರೇ ಎಂಬುದು ನನಗೆ ಯಾವಾಗಲೂ ಆಶ್ಚರ್ಯ. ಈಗಿನ ಕಥೆಗಳನ್ನು ನೋಡಿದರೆ ಸ್ಟಾರ್ ಟ್ರೆಕ್ ನೋಡಿ ನೋಡಿ ಸ್ಟಾರ್ ಟ್ರೆಕ್ ಬರೆದಂತೆ ಅನಿಸುತ್ತದೆ. ಸ್ಪಾಕ್‌ಗೆ ಯಾರಿಗೂ ಗೊತ್ತಿರದ ಒಬ್ಬ ಅಕ್ಕ, ಹಳೆಯ ಖಳ ಖಾನ್‌ಗೆ ಒಬ್ಬ ದೂರದ ಮೊಮ್ಮಗಳು. ಇಷ್ಟು ದೊಡ್ಡ ಗ್ಯಾಲಕ್ಸಿಯಲ್ಲಿ ಎಲ್ಲರೂ ಒಂದೇ ಮನೆಯವರ ನೆಂಟರು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಮುಂದಿನ ಸರಣಿ ಯಾವುದೇ ಇರಲಿ, ಪ್ರತಿ ಸೀಸನ್‌ನಲ್ಲಿ ಎರಡು ಎಪಿಸೋಡ್ ಹೊರಗಿನವರಿಗೆ ಬಿಡಿ. ಅದೇ ಗಂಟೆಯಲ್ಲಿ ಶುರುವಾಗಿ ಅದೇ ಗಂಟೆಯಲ್ಲಿ ಮುಗಿಯುವ ಕಥೆಗಳು. ನರ್ಸ್ ಬರೆಯಲಿ, ಭೂಗರ್ಭ ವಿಜ್ಞಾನಿ ಬರೆಯಲಿ, ಗಡಿಯಲ್ಲಿ ಅನುವಾದಕರಾಗಿ ಕೆಲಸ ಮಾಡಿದವರು ಬರೆಯಲಿ. ಹಳೆಯ ಪಾತ್ರಗಳ ಬಂಧುಗಳು ಬೇಡ ಎಂದು ಮೊದಲೇ ಹೇಳಿಬಿಡಿ. ಫೇಸರ್ ಬಂದೂಕು ಹಾರಿಸದೆ ಮುಗಿಯುವ ಕಥೆಗಳನ್ನು ಮೇಲಿನ ಕಟ್ಟಿನಲ್ಲಿ ಇಡಿ. ನಿಮ್ಮ ವಕೀಲರು ಬೇಡ ಎನ್ನುತ್ತಾರೆ, ಕಥೆ ಕದ್ದರು ಎಂದು ಯಾರಾದರೂ ಕೇಸು ಹಾಕಬಹುದು ಎನ್ನುತ್ತಾರೆ. ಪಿಲ್ಲರ್ ಕಾಲದಲ್ಲೂ ಆ ಭಯ ಇತ್ತು. ಕಳಿಸುವವರಿಂದ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು, ಅಷ್ಟೇ. ಆ ಫಾರಂ ನಿಮ್ಮ ಹಳೆಯ ಫೈಲುಗಳಲ್ಲಿ ಎಲ್ಲೋ ಇದ್ದೇ ಇರುತ್ತದೆ. ಹುಡುಕಿಸಿ, ತಾರೀಕು ಬದಲಾಯಿಸಿ, ಮತ್ತೆ ಪ್ರಿಂಟ್ ಹಾಕಿಸಿ.

ಇಂತಿ,
ಇನ್ನೂ ನೋಡುತ್ತಿರುವ ಒಬ್ಬ ಅಭಿಮಾನಿ